ಮೌಲ್ಯಕ್ಕೂ ಕೆಲಸದ ತಯಾರಿಗೂ ಸೇರಿ ವಾರಕ್ಕೆ ಎರಡೇ ಗಂಟೆ: ಭಾಷಣ ಬಿಟ್ಟು ಏನು ಮಾಡಿಸಬಹುದು?

ಚಾಕ್‌ಪೀಸ್
ತಾಂತ್ರಿಕ ಕಾಲೇಜಿನ ಎರಡನೇ ವರ್ಷದವರಿಗೆ ಮೌಲ್ಯಗಳು ಮತ್ತು ಉದ್ಯೋಗ ಕೌಶಲ ಅಂತ ಒಂದು ವಿಷಯ ಇದೆ. 60 ವಿದ್ಯಾರ್ಥಿಗಳು, 16 ವಾರ, ವಾರಕ್ಕೆ 2 ಗಂಟೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಮೂರೂ ವಿಭಾಗದವರು ಒಟ್ಟಿಗೆ ಕೂರುತ್ತಾರೆ. ಇಂಥ ಕ್ಲಾಸು ಹೇಗೆ ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಪ್ರಾಮಾಣಿಕತೆಗೆ ಒಂದು ಸ್ಲೈಡು, ಸಮಯಪಾಲನೆಗೆ ಒಂದು, ಕೊನೆಗೆ ಕಾಟಾಚಾರಕ್ಕೆ ಒಂದು ಪ್ರಬಂಧ. ಪ್ರಾಮಾಣಿಕತೆಯ ಪ್ರಬಂಧವನ್ನೇ ಪಕ್ಕದವರ ಹಾಳೆ ನೋಡಿ ಬರೆದಿರುತ್ತಾರೆ.

ಲ್ಯಾಬ್ ಮತ್ತು ವರ್ಕ್‌ಶಾಪ್ ಬಳಸಲು ಅನುಮತಿ ಇದೆ. ಕೈಯಲ್ಲಿ ಮಾಡಿಸುವಂಥದ್ದು, ಅಂಕ ಕೊಡಲು ಬರುವಂಥದ್ದು ಏನಿದೆ? ದಯವಿಟ್ಟು ಅಳತೆ, ಹಂತ, ಸಮಯ ಸಮೇತ ಹೇಳಿ. "ಮಕ್ಕಳಲ್ಲಿ ಜಾಗೃತಿ ಮೂಡಿಸಿ" ಅನ್ನುವ ಉತ್ತರ ಬೇಡ.

ಬೆಂಚ್‌ವೈಸ್
ಪ್ರಾಮಾಣಿಕತೆ ಕಲಿಸಲು ಹೊಸ ಪಾಠವೇ ಬೇಡ, ರೀಡಿಂಗ್ ಬರೆಯುವ ಹಾಳೆ ಸಾಕು. ತಾಂತ್ರಿಕ ವಿದ್ಯಾರ್ಥಿ ಮೊದಲ ಸುಳ್ಳು ಬರೆಯುವುದು ಅಲ್ಲೇ. ಉತ್ತರ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುತ್ತದೆ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬುತ್ತಾರೆ.

ಹತ್ತಿರದಿಂದ ನೋಡಿ. 0.02 ಮಿ.ಮೀ. ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಸಣ್ಣ ಅಳತೆ) ಇರುವ ವರ್ನಿಯರ್ ಕ್ಯಾಲಿಪರ್‌ನಲ್ಲಿ ಕೊನೆಯ ಅಂಕಿ ಯಾವಾಗಲೂ ಸಮಸಂಖ್ಯೆ. 24.36 ಬರಬಹುದು, 24.38 ಬರಬಹುದು. ನೇರ ರೀಡಿಂಗಿನ ಕಾಲಮ್ಮಿನಲ್ಲಿ 24.37 ಇದ್ದರೆ ಅದು ಕ್ಯಾಲಿಪರ್ ಕೊಟ್ಟದ್ದಲ್ಲ, ಪೆನ್ನು ಕೊಟ್ಟದ್ದು. (ಸರಾಸರಿಯಲ್ಲಿ 24.37 ಬರಬಹುದು, ಅದು ಬೇರೆ ಮಾತು.) ಐದು ಸಲ ಅಳೆದು ಐದೂ ಒಂದೇ ಬಂದಿದ್ದರೂ ಅನುಮಾನಪಡಿ. ಕೈಯಲ್ಲಿ ಹಿಡಿದು ಅಳೆಯುವಾಗ ಒತ್ತಡ ಸ್ವಲ್ಪ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ.

ಮಾಡಿಸುವ ಕ್ರಮ ಹೀಗೆ:

ಲೇತ್‌ನಲ್ಲಿ ಸುಮಾರು 25 ಮಿ.ಮೀ. ವ್ಯಾಸ, 80 ಮಿ.ಮೀ. ಉದ್ದದ ತುಂಡು ತಿರುವಿ. ಬೇಕಂತಲೇ ಒಂದು ತುದಿಗಿಂತ ಇನ್ನೊಂದು ತುದಿ 0.10 ಮಿ.ಮೀ. ಸಣ್ಣಗಿರಲಿ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಲಿಪರ್‌ಗೆ ಕಾಣುತ್ತದೆ. ನಾಲ್ವರ ತಂಡಕ್ಕೆ ಒಂದು ತುಂಡು, ಒಂದು ಕ್ಯಾಲಿಪರ್. ಒಬ್ಬೊಬ್ಬರೂ ಎರಡು ತುದಿ ಮತ್ತು ಮಧ್ಯ ಹೀಗೆ ಮೂರು ಕಡೆ, ಐದೈದು ಸಲ ಅಳೆಯಬೇಕು. ಉಳಿದ ಮೂವರ ಹಾಳೆ ನೋಡುವಂತಿಲ್ಲ. ಒಬ್ಬರಿಗೆ 8 ನಿಮಿಷ ಸಾಕು.

ಬರೆಯುವುದು ಪೆನ್ನಿನಲ್ಲಿ, ಸಂಖ್ಯೆ ಹಾಕಿದ ಹಾಳೆಯಲ್ಲಿ. ವೈಟ್ನರ್, ರಬ್ಬರ್ ನಿಷೇಧ. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವ ಹಾಗೆ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಬರೆದು ಚಿಕ್ಕ ಸಹಿ ಹಾಕಬೇಕು. ಗಂಟೆ ಮುಗಿಯುವಾಗ ನೀವು ಪ್ರತಿ ಹಾಳೆಗೂ ಸಹಿ ಹಾಕಿ. ಈ ಕಚ್ಚಾ ಹಾಳೆಯನ್ನೇ ರೆಕಾರ್ಡ್ ಪುಸ್ತಕದಲ್ಲಿ ಅಂಟಿಸಬೇಕು. ಅಂದವಾಗಿ ನಕಲು ತೆಗೆದ ರೆಕಾರ್ಡ್‌ಗೆ ಅಂಕವೇ ಇಲ್ಲ ಅನ್ನಿ.

ಇಷ್ಟೆಲ್ಲ ಮಾಡಿಸಿ ಅಂಕವನ್ನು ಹಳೆ ಪದ್ಧತಿಯಲ್ಲೇ ಕೊಟ್ಟರೆ ಎಲ್ಲ ನೀರುಪಾಲು. 10 ಅಂಕದಲ್ಲಿ ಕಚ್ಚಾ ಹಾಳೆಗೆ 4, ರೀಡಿಂಗ್‌ಗಳು ಯಾಕೆ ಬೇರೆಬೇರೆ ಬಂದವು ಅನ್ನುವ ವಿವರಣೆಗೆ 3, ಲೆಕ್ಕಕ್ಕೆ 2, ಉತ್ತರ ಸರಿಯಾದ ಅಳತೆಗೆ ಹತ್ತಿರ ಇದ್ದರೆ 1. ಉತ್ತರಕ್ಕೇ 6 ಅಂಕ ಇಟ್ಟರೆ ಸುಳ್ಳಿಗೆ ಸಂಬಳ ಕೊಟ್ಟ ಹಾಗೆ.

ಕೊನೆಬೆಂಚು
ವಿದ್ಯಾರ್ಥಿಗಳ ಕಡೆಯಿಂದ ಒಂದು ಮಾತು ಸರ್. ರೀಡಿಂಗ್ ಅಡ್ಜಸ್ಟ್ ಮಾಡೋದು ಯಾರಿಗೂ ಖುಷಿಯ ಕೆಲಸ ಅಲ್ಲ. ಉತ್ತರ ತಪ್ಪು ಬಂದ್ರೆ "ಮತ್ತೆ ಮಾಡು" ಅಂತಾರೆ, ಮತ್ತೆ ಮಾಡೋಕೆ ಮೀಟರ್ ಖಾಲಿ ಇರಲ್ಲ, ಬ್ಯಾಚ್ ಟೈಮ್ ಮುಗಿದಿರುತ್ತೆ. ಎಷ್ಟೋ ಕಡೆ ಮೀಟರ್ರೇ ತಪ್ಪು ತೋರಿಸ್ತಿರುತ್ತೆ. ಸರಿ ಉತ್ತರ ಬರೆದವನು ಬೇಗ ಹೊರಗೆ ಹೋಗ್ತಾನೆ, ನಿಜ ಬರೆದವನು ಕೂತಿರ್ತಾನೆ. ನಿಜ ಬರೆದ್ರೆ ಅಂಕ ಸಿಗುತ್ತೆ ಅಂತ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ.

ಬೆಂಚ್‌ವೈಸ್
@ಕೊನೆಬೆಂಚು ನ್ಯಾಯವಾದ ಮಾತು. ಅದಕ್ಕೇ ಮೊದಲ ದಿನವೇ ಎರಡು ಮಾದರಿ ಹಾಳೆ ಗೋಡೆಗೆ ಅಂಟಿಸಬೇಕು. ಒಂದರಲ್ಲಿ ಉತ್ತರ ತಪ್ಪು, ಆದರೆ ಎರಡು ಕಡೆ ಗೆರೆ ಎಳೆದು ತಿದ್ದಿದೆ, "ಕ್ಯಾಲಿಪರ್ ದವಡೆ ಮುಚ್ಚಿದಾಗಲೂ 0.04 ತೋರಿಸುತ್ತಿದೆ" ಅಂತ ಬರೆದಿದೆ. ಅದಕ್ಕೆ 9. ಇನ್ನೊಂದರಲ್ಲಿ ಉತ್ತರ ಚಾಚೂ ತಪ್ಪಿಲ್ಲ, ಐದೂ ರೀಡಿಂಗ್ 25.00, ವಿವರಣೆ ಇಲ್ಲ. ಅದಕ್ಕೆ 3. ಹುಡುಗರು ಮಾತಿಗಿಂತ ಅಂಕಪಟ್ಟಿಯನ್ನು ನಂಬುತ್ತಾರೆ.

"ಮತ್ತೆ ಮಾಡು" ಅನ್ನುವುದನ್ನು ಶಿಕ್ಷೆಯಾಗಿ ಬಳಸಲೇಬಾರದು. ಮತ್ತೆ ಮಾಡಲು ಕೊನೆಯ 20 ನಿಮಿಷವನ್ನು ಮೊದಲೇ ಖಾಲಿ ಇಡಿ.

ಬಿಳಿಹಾಳೆ
0.04 ಝೀರೋ ಎರರ್ ಇರುವ ಕ್ಯಾಲಿಪರನ್ನು ಹೇಳದೆ ಕೊಡುವುದು ಬಲೆ ಒಡ್ಡಿದಂತೆ ಅಲ್ಲವೇ? ನಂಬಿಕೆ ಕಲಿಸುವ ಕ್ಲಾಸಿನಲ್ಲಿ ಮೇಷ್ಟ್ರೇ ಮೋಸ ಮಾಡಿದರು ಅನ್ನಿಸಿದರೆ ಅಲ್ಲಿಗೆ ಮುಗಿಯಿತು.

ಬೆಂಚ್‌ವೈಸ್
ಹೇಳಿಯೇ ಕೊಡಿ. "ಈ ಮೇಜಿನ 15 ಕ್ಯಾಲಿಪರ್‌ಗಳಲ್ಲಿ ಕನಿಷ್ಠ ಒಂದರಲ್ಲಿ ಝೀರೋ ಎರರ್ ಇದೆ, ಯಾವುದು ಅಂತ ಹೇಳುವುದಿಲ್ಲ." ಆಗ ಅದು ಬಲೆಯಲ್ಲ, ನಿಜವಾದ ಕೆಲಸದ ಪರಿಸ್ಥಿತಿ. ದವಡೆ ಒರೆಸಿ, ಮುಚ್ಚಿ, ಸೊನ್ನೆ ನೋಡುವುದಕ್ಕೆ 10 ಸೆಕೆಂಡು. ಎಷ್ಟು ಜನ ನೋಡಿದರು ಅಂತ ಸುಮ್ಮನೆ ಎಣಿಸಿಕೊಳ್ಳಿ, ಹೆಸರು ಬೇಡ.

ಶಿಫ್ಟ್‌ಬಿ
ಕಾರ್ಖಾನೆಯ ನೆಲದ ಮೇಲೆ ನಿಂತು ನೋಡಿದರೆ ಹೊಸಬರಲ್ಲಿ ಕೊರತೆ ಕಾಣುವುದು ಸಿಲಬಸ್ಸಿನಲ್ಲಿ ಅಲ್ಲ. ಮೂರು ಕಡೆ: ತಿಳಿಯದಿದ್ದಾಗ ಕೆಲಸ ನಿಲ್ಲಿಸಿ ಕೇಳುವುದಿಲ್ಲ, ತಪ್ಪಾದರೆ ತಕ್ಷಣ ಹೇಳುವುದಿಲ್ಲ, ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸಲು ಬರುವುದಿಲ್ಲ.

ಎರಡನೆಯದನ್ನು ಉಪದೇಶ ಮಾಡಬೇಡಿ, ಲೆಕ್ಕ ಮಾಡಿಸಿ. ಒಂದು ಮಷೀನಿನಲ್ಲಿ ಒಂದು ಪೀಸ್‌ಗೆ 90 ಸೆಕೆಂಡ್. 8 ಗಂಟೆಗೆ 28,800 ಸೆಕೆಂಡ್, ಅಂದರೆ 320 ಪೀಸ್. ಪಾಳಿ ಶುರುವಿನಲ್ಲೇ ಟೂಲ್ ಆಫ್‌ಸೆಟ್ (ಕತ್ತರಿಸುವ ಟೂಲ್ ಎಲ್ಲಿರಬೇಕು ಅಂತ ಮಷೀನಿಗೆ ಕೊಡುವ ಅಳತೆ) ತಪ್ಪು ಹಾಕಿ, 5 ನಿಮಿಷದಲ್ಲಿ ಗೊತ್ತಾಗಿ ಕೈ ಎತ್ತಿದರೆ ಹಾಳಾಗುವುದು 3 ಅಥವಾ 4 ಪೀಸ್. ಬೈಸಿಕೊಳ್ಳುವ ಭಯಕ್ಕೆ ಊಟದ ವಿರಾಮದವರೆಗೆ ಸುಮ್ಮನಿದ್ದರೆ, 4 ಗಂಟೆ ಅಂತಿಟ್ಟುಕೊಳ್ಳಿ, 160. ಪಾಳಿ ಮುಗಿಯುವವರೆಗೆ ಸುಮ್ಮನಿದ್ದರೆ 320, ಮೇಲೆ ಮುಂದಿನವರು ಅದೇ ಆಫ್‌ಸೆಟ್‌ನಲ್ಲಿ ಮುಂದುವರಿಸುತ್ತಾರೆ. ತಪ್ಪು ಒಂದೇ; ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರು ಅನ್ನುವುದರ ಮೇಲೆ ಅದರ ಬೆಲೆ. ಸೈಕಲ್ ಟೈಮ್ ಬದಲಿಸಿ ವಿದ್ಯಾರ್ಥಿಗಳಿಂದಲೇ ಈ ಲೆಕ್ಕ ಹಾಕಿಸಿ, ಮರೆಯುವುದಿಲ್ಲ.

ಎನ್‌ಸಿ_ಕಾಂಟ್ಯಾಕ್ಟ್
ಮೂರನೆಯದಕ್ಕೆ, ಅಂದರೆ ಕೆಲಸ ಒಪ್ಪಿಸುವುದಕ್ಕೆ, ಎಲೆಕ್ಟ್ರಿಕಲ್ ಲ್ಯಾಬ್‌ನಲ್ಲಿ ಒಳ್ಳೆಯ ಅಭ್ಯಾಸ ಒಂದಿದೆ. ಎರಡು ಗಂಟೆಯಲ್ಲಿ ಮುಗಿಯುತ್ತದೆ.

ಡಿಒಎಲ್ ಸ್ಟಾರ್ಟರಿನ (ಮೋಟರನ್ನು ನೇರ ಸಪ್ಲೈಗೆ ಜೋಡಿಸಿ ಚಾಲೂ ಮಾಡುವ ಸಾಧನ) ಕಂಟ್ರೋಲ್ ಸರ್ಕ್ಯೂಟ್ ತಗೊಳ್ಳಿ. 24 ವೋಲ್ಟ್ ಕಾಯಿಲ್ ಇರುವ ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟ್ ಬಂದರೆ ಎಳೆದುಕೊಳ್ಳುವ ಸ್ವಿಚ್), ಓವರ್‌ಲೋಡ್ ರಿಲೇ (ಮೋಟರಿಗೆ ಹೊರೆ ಹೆಚ್ಚಾದರೆ ಸರ್ಕ್ಯೂಟ್ ಕಡಿಯುವುದು), ಹಸಿರು ಸ್ಟಾರ್ಟ್ ಬಟನ್, ಕೆಂಪು ಸ್ಟಾಪ್ ಬಟನ್. ಮೋಟರ್ ಜೋಡಿಸುವುದೇ ಬೇಡ, ಕಾಂಟ್ಯಾಕ್ಟರ್ ಎಳೆದುಕೊಳ್ಳುವ ಟಕ್ ಸದ್ದೇ ಸಾಕು. ಸರ್ಕ್ಯೂಟ್ ದಾರಿ: ಸಪ್ಲೈ, ಓವರ್‌ಲೋಡ್‌ನ 95-96 ಟರ್ಮಿನಲ್, ಸ್ಟಾಪ್ ಬಟನ್, ಸ್ಟಾರ್ಟ್ ಬಟನ್, ಕಾಯಿಲಿನ ಎ1, ಎ2ರಿಂದ ವಾಪಸ್. ಸ್ಟಾರ್ಟ್ ಬಟನ್‌ಗೆ ಸಮಾಂತರವಾಗಿ ಕಾಂಟ್ಯಾಕ್ಟರಿನ 13-14, ಅದೇ ಬೆರಳು ತೆಗೆದ ಮೇಲೂ ಕಾಂಟ್ಯಾಕ್ಟರನ್ನು ಹಿಡಿದಿಡುವ ಹೋಲ್ಡಿಂಗ್ ಕಾಂಟ್ಯಾಕ್ಟ್.

ಮೊದಲ ತಂಡಕ್ಕೆ 35 ನಿಮಿಷ. ಎಲ್ಲಿಗೆ ಬಂದಿರಲಿ, ನಿಲ್ಲಿಸಬೇಕು. ಮುಂದಿನ 10 ನಿಮಿಷ ಒಪ್ಪಿಸುವ ಚೀಟಿ ಬರೆಯಲು. ಆಮೇಲೆ ಅವರು ಹೊರಗೆ. ಎರಡನೇ ತಂಡ ಚೀಟಿ ಮಾತ್ರ ಓದಿ ಮುಂದುವರಿಸಬೇಕು. ಮಾತಿಲ್ಲ, ಸನ್ನೆಯಿಲ್ಲ, ಫೋನಿಲ್ಲ.

ಮೊದಲ ಸಲ ಚೀಟಿಯಲ್ಲಿ ಇರುವುದು ಇಷ್ಟು: "ವೈರಿಂಗ್ ಮುಗಿದಿದೆ, ಸ್ವಲ್ಪ ಬಾಕಿ, ಚೆಕ್ ಮಾಡಿ." ಎರಡನೇ ತಂಡ ಸ್ಟಾರ್ಟ್ ಒತ್ತುತ್ತದೆ, ಟಕ್ ಅಂತ ಎಳೆಯುತ್ತದೆ. ಬೆರಳು ತೆಗೆದರೆ ಬಿಟ್ಟುಕೊಳ್ಳುತ್ತದೆ. ಮತ್ತೆ ಒತ್ತುತ್ತಾರೆ, ಮತ್ತೆ ಹಾಗೇ. ಹೋಲ್ಡಿಂಗ್ ಹಾಕಿಯೇ ಇಲ್ಲ ಅಂತ ಅವರಿಗೆ ತಿಳಿಯುವುದಿಲ್ಲ, ಯಾಕೆಂದರೆ ಚೀಟಿಯಲ್ಲಿ "ಮುಗಿದಿದೆ" ಅಂತಿದೆ. ಕಾಯಿಲ್ ಕೆಟ್ಟಿದೆ ಅನ್ನುತ್ತಾರೆ, ಬಟನ್ ಕೆಟ್ಟಿದೆ ಅನ್ನುತ್ತಾರೆ, ಸರಿ ಇದ್ದ ವೈರನ್ನೂ ಬಿಚ್ಚುತ್ತಾರೆ. ಅರ್ಧ ಗಂಟೆ ಹೋಗುತ್ತದೆ. ಆ "ಸ್ವಲ್ಪ" ಅನ್ನುವ ಪದ ಅರ್ಧ ಗಂಟೆ ತಿಂದಿತು ಅಂತ ಬೋರ್ಡ್ ಮೇಲೆ ಬರೆಯಿರಿ.

ಎರಡನೇ ಸುತ್ತಿಗೆ ಮೂರು ಪದ ನಿಷೇಧ: ಸ್ವಲ್ಪ, ಬಹುತೇಕ, ಓಕೆ. ಚೀಟಿ ಹೀಗಿರಬೇಕು:

"95-96ರಿಂದ ಸ್ಟಾಪ್, ಸ್ಟಾಪ್‌ನಿಂದ ಸ್ಟಾರ್ಟ್, ಸ್ಟಾರ್ಟ್‌ನಿಂದ ಎ1: ಮೂರೂ ಆಗಿದೆ, ಮಲ್ಟಿಮೀಟರ್‌ನಲ್ಲಿ ಕಂಟಿನ್ಯುಟಿ ನೋಡಿದೆ. 13-14 ಹಾಕಿಲ್ಲ. ಎ2 ಟರ್ಮಿನಲ್ ಸ್ಕ್ರೂವಿನ ತಲೆ ಸವೆದಿದೆ, ಬಿಗಿಯಾಗುತ್ತಿಲ್ಲ, ಬದಲಿಸಬೇಕು. ಸಪ್ಲೈ ಆಫ್. ಎಂಸಿಬಿಗೆ ಬೀಗ ಹಾಕಿದೆ, ಕೀ ಸ್ಟೋರ್‌ನಲ್ಲಿದೆ."

ಆಗಿದ್ದು, ಆಗದ್ದು, ಕೆಟ್ಟಿದ್ದು, ಅಪಾಯ. ಈ ನಾಲ್ಕು ಇದ್ದರೆ ಚೀಟಿ ಪಾಸ್.

ಶಿಫ್ಟ್‌ಬಿ
ಎಲ್ಲ ಚೆನ್ನಾಗಿದೆ, ಕೊನೇ ವಾಕ್ಯ ಒಂದು ಬಿಟ್ಟು. ಕೀ ಸ್ಟೋರ್‌ನಲ್ಲಿ ಇರಬಾರದು. ಸ್ಟೋರ್‌ನಲ್ಲಿದ್ದರೆ ಯಾರು ಬೇಕಾದರೂ ತಂದು ತೆಗೆಯುತ್ತಾರೆ, ಒಳಗೆ ಯಾರದೋ ಕೈ ಇರುತ್ತದೆ. ಬೀಗ ಹಾಕಿದವರೇ ಕೀ ಇಟ್ಟುಕೊಳ್ಳಬೇಕು. ಪಾಳಿ ಬದಲಾಗುವಾಗ ಹೊಸಬರು ತಮ್ಮ ಬೀಗ ಹಾಕಿದ ಮೇಲೆ ಹಳಬರು ತಮ್ಮದನ್ನು ತೆಗೆಯಬೇಕು. ಒಂದೇ ತೂತಿಗೆ ಹಲವು ಬೀಗ ಹಾಕುವ ಹ್ಯಾಸ್ಪ್ ಇರುವುದೇ ಇದಕ್ಕೆ. ಬೀಗದ ಜತೆ ಹೆಸರು, ದಿನಾಂಕ ಇರುವ ಟ್ಯಾಗ್ ಬೇಕು.

ಇನ್ನೊಂದು: ಬೀಗ ಬಿದ್ದಿದೆ ಅಂತ ನೇರ ಕೈ ಹಾಕಬಾರದು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ನೋಡಿ, ಆಮೇಲೆ ಕೆಲಸ ಮಾಡುವ ಕಡೆ, ಮತ್ತೆ ಕರೆಂಟ್ ಇರುವ ಕಡೆ. ಮೂರನೇ ಸಲ ಯಾಕೆ ಅಂತ ಕೇಳಿದರೆ: ನಡುವೆ ಟೆಸ್ಟರೇ ಸತ್ತಿದ್ದರೆ?

ಎನ್‌ಸಿ_ಕಾಂಟ್ಯಾಕ್ಟ್
ಒಪ್ಪಿದೆ, ತಪ್ಪು ನನ್ನದು. ಮಾದರಿ ಚೀಟಿಯಲ್ಲಿ "ಕೀ ಸ್ಟೋರ್‌ನಲ್ಲಿದೆ" ತೆಗೆದು "ನಮ್ಮ ಬೀಗ ಇದೆ, ನಿಮ್ಮದು ಹಾಕಿ ಕರೆಯಿರಿ, ಬಂದು ತೆಗೆಯುತ್ತೇವೆ" ಅಂತ ಮಾಡಿಕೊಳ್ಳಿ. ಲ್ಯಾಬ್‌ನಲ್ಲಿ ಈ ಬೀಗದ ಅದಲುಬದಲಿಗೆ ಮಾತ್ರ ಎರಡು ತಂಡದ ಒಬ್ಬೊಬ್ಬರು ಎದುರುಬದುರಾಗಲಿ. (ಚೀಟಿ ಬರೆಯುವುದನ್ನು ಕಲಿಸಲು ಹೊರಟು ಚೀಟಿಯಲ್ಲೇ ತಪ್ಪು. ಇದನ್ನೂ ಕ್ಲಾಸಿನಲ್ಲಿ ತೋರಿಸಬಹುದು.)

ಚಾಕ್‌ಪೀಸ್
ಇದು ಬೇಕಿತ್ತು. ಕಂಪ್ಯೂಟರ್‌ನವರಿಗೆ ಏನು? ಅವರು ಕ್ಯಾಲಿಪರ್ ಮುಟ್ಟಲು ಮೂಗು ಮುರಿಯುತ್ತಾರೆ. ತಂಡದ ಪ್ರಾಜೆಕ್ಟ್ ಅಂದರೆ ಒಬ್ಬ ಮಾಡುತ್ತಾನೆ, ಮೂವರ ಹೆಸರು ಇರುತ್ತದೆ.

ಮರ್ಜ್‌ಕಾನ್‌ಫ್ಲಿಕ್ಟ್
ಗಿಟ್ (ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲಿಸುವ ತಂತ್ರಾಂಶ) ಇತಿಹಾಸ ನೋಡಿ, ಅದೇ ಅವರ ಕಚ್ಚಾ ಹಾಳೆ. ನಾಲ್ವರ ತಂಡದಲ್ಲಿ ಎಲ್ಲ ಕಮಿಟ್‌ಗಳೂ (ದಾಖಲಾದ ಒಂದೊಂದು ಬದಲಾವಣೆ) ಒಬ್ಬರದೇ, ಅದೂ ಕೊನೆಯ ರಾತ್ರಿಯವು ಅಂದರೆ ಬೇರೆ ವಿಚಾರಣೆ ಬೇಡ. ಆದರೆ ಕಮಿಟ್ ಎಣಿಸಿ ಅಂಕ ಕೊಡಬೇಡಿ. ಎಣಿಸುತ್ತಾರೆ ಅಂತ ಗೊತ್ತಾದ ಮರುದಿನವೇ ಒಂದೊಂದು ಅಲ್ಪವಿರಾಮಕ್ಕೆ ಒಂದೊಂದು ಕಮಿಟ್ ಬರುತ್ತದೆ.

ನಿಯಮ ಹೀಗಿಡಿ. ಮುಖ್ಯ ಶಾಖೆಗೆ ಯಾರೂ ನೇರ ಸೇರಿಸುವಂತಿಲ್ಲ. ಪ್ರತಿ ಬದಲಾವಣೆಯೂ ಪುಲ್ ರಿಕ್ವೆಸ್ಟ್ (ಓದಿ ಒಪ್ಪಿ ಸೇರಿಸಿ ಅನ್ನುವ ಮನವಿ) ಆಗಿ ಬರಬೇಕು, 200 ಸಾಲು ಮೀರಬಾರದು, ಇನ್ನೊಬ್ಬರು ಓದಿ ಕನಿಷ್ಠ ಒಂದು ಪ್ರಶ್ನೆ ಕೇಳಿರಬೇಕು. 200 ಯಾಕೆ? ಸಾವಿರ ಸಾಲು ಕೊಟ್ಟರೆ ಓದುವವರು ಓದುವುದಿಲ್ಲ, "ಚೆನ್ನಾಗಿದೆ" ಅಂತ ಒತ್ತಿಬಿಡುತ್ತಾರೆ. ಆ ಸುಳ್ಳು ಸಹಿಯೂ ಹುಸಿ ರೀಡಿಂಗೇ.

ಕಮಿಟ್ ಸಂದೇಶಕ್ಕೂ ಅಂಕ ಇಡಿ. "ಅಪ್‌ಡೇಟ್", "ಫೈನಲ್", "ಫೈನಲ್ 2" ಇವಕ್ಕೆ ಸೊನ್ನೆ. "ಖಾಲಿ ಹೆಸರು ಕೊಟ್ಟರೆ ಲಾಗಿನ್ ಪುಟ ಬಿದ್ದುಹೋಗುತ್ತಿತ್ತು, ಮೊದಲೇ ಪರೀಕ್ಷೆ ಸೇರಿಸಿದೆ" ಅಂತಿದ್ದರೆ ಪೂರ್ತಿ.

ಎಐ ಬರೆದ ಕೋಡ್ ಬಗ್ಗೆ ಕೇಳಿಯೇ ಕೇಳುತ್ತೀರಿ. ನಿಷೇಧ ಹಾಕಿದರೆ ಕದ್ದು ಬಳಸುತ್ತಾರೆ, ಅಂದರೆ ಮೌಲ್ಯದ ಕ್ಲಾಸೇ ಕದಿಯುವುದನ್ನು ಕಲಿಸಿದಂತಾಯಿತು. ಬಳಸಬಹುದು, ಎರಡು ಷರತ್ತು. ಎಲ್ಲಿ ಬಳಸಿದ್ದೀರಿ ಅಂತ ರೀಡ್‌ಮಿ ಕಡತದಲ್ಲಿ ಬರೆಯಬೇಕು. ವೈವಾದಲ್ಲಿ 5 ನಿಮಿಷ ಕೊಟ್ಟು ಒಂದು ಸಣ್ಣ ಬದಲಾವಣೆ ಎದುರಿಗೇ ಮಾಡಿಸುತ್ತೇವೆ: ಏರಿಕೆ ಕ್ರಮದ ಪಟ್ಟಿ ಇಳಿಕೆ ಕ್ರಮಕ್ಕೆ ಬರಲಿ, ಮೂರು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಬೀಗ ಬೀಳಲಿ. ಅರ್ಥವಾದವರಿಗೆ ಅದು ಎರಡು ಸಾಲಿನ ಕೆಲಸ. ಆಗದವರು ಕಡತ ಮೇಲೆ ಕೆಳಗೆ ಉರುಳಿಸುತ್ತಾ ಕೂರುತ್ತಾರೆ, ಎಲ್ಲಿ ಬದಲಿಸಬೇಕು ಅಂತಲೇ ಸಿಗುವುದಿಲ್ಲ.

ಕೊನೆಬೆಂಚು
ಸೋಮಾರಿ ಮೂವರು ಅಂತ ಬೈಯೋದು ಸುಲಭ. ಎಷ್ಟೋ ತಂಡದಲ್ಲಿ ಬುದ್ಧಿವಂತನೇ ಬೇರೆಯವರಿಗೆ ಮುಟ್ಟೋಕೆ ಬಿಡಲ್ಲ, "ನೀನು ಕೆಡಿಸ್ತೀಯ" ಅಂತಾನೆ.

ಮರ್ಜ್‌ಕಾನ್‌ಫ್ಲಿಕ್ಟ್
ನಿಜ, ಅದು ಆ ಮೂವರ ತಪ್ಪಲ್ಲ. ಉಪಾಯ: ತಂಡದ ಅಂಕವನ್ನು ವೈವಾದಲ್ಲಿ ಚೀಟಿ ಎತ್ತಿ ಆರಿಸಿದ ಒಬ್ಬರ ಉತ್ತರದ ಮೇಲೆ ಭಾಗಶಃ ನಿಲ್ಲಿಸಿ, ಹೆಚ್ಚೆಂದರೆ 20ರಲ್ಲಿ 5. ಆಗ ಬುದ್ಧಿವಂತನಿಗೆ ಉಳಿದವರಿಗೆ ಕಲಿಸುವ ಗರಜು ಬರುತ್ತದೆ. 5ಕ್ಕಿಂತ ಹೆಚ್ಚು ಇಟ್ಟರೆ ತಡವರಿಸಿದವರ ಮೇಲೆ ತಂಡವೇ ಹರಿಹಾಯುತ್ತದೆ, ಅದು ಇನ್ನೂ ಕೆಟ್ಟದ್ದು.

ಚಾಕ್‌ಪೀಸ್
ಎಂಜಿನಿಯರಿಂಗ್ ದುರಂತಗಳ ವಿಡಿಯೋ ತೋರಿಸಿ ಚರ್ಚೆ ಮಾಡಿಸುವುದು ಹೇಗೆ? ಅಥವಾ ಅದೂ ಸ್ಲೈಡಿನ ಇನ್ನೊಂದು ರೂಪವೇ?

ಬೆಂಚ್‌ವೈಸ್
ವಿಡಿಯೋ ತೋರಿಸಿ ಬಿಟ್ಟರೆ "ಅಯ್ಯೋ ಪಾಪ" ಅಂದು ಎದ್ದು ಹೋಗುತ್ತಾರೆ. ಲೆಕ್ಕ ಕೊಡಿ. ಎರಡು ಘಟನೆ ಸಾಕು.

ಮೊದಲನೆಯದು ಮೆಕ್ಯಾನಿಕಲ್‌ನವರಿಗೆ. 1981 ಜುಲೈ 17, ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್. ಲಾಬಿಯ ಮೇಲೆ ರಾಡ್‌ಗಳಿಂದ ತೂಗುಹಾಕಿದ್ದ ಕಾಲುದಾರಿ ಸೇತುವೆಗಳು ಕುಸಿದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ ಚಾವಣಿಯಿಂದ ಒಂದೇ ಉದ್ದನೆಯ ರಾಡ್ ಇಳಿದು ನಾಲ್ಕನೇ ಮಹಡಿಯ ಸೇತುವೆಯನ್ನೂ ಅದರ ಕೆಳಗಿನ ಎರಡನೇ ಮಹಡಿಯದನ್ನೂ ಹಿಡಿಯಬೇಕಿತ್ತು. ಅಷ್ಟುದ್ದ ರಾಡ್‌ಗೆ ಥ್ರೆಡ್ ಹಾಕಿ ನಟ್ ಏರಿಸುವುದು ಕಷ್ಟ ಅಂತ ಅದನ್ನು ಎರಡು ತುಂಡು ಮಾಡಿದರು: ಒಂದು ಚಾವಣಿಯಿಂದ ಮೇಲಿನ ಸೇತುವೆಗೆ, ಇನ್ನೊಂದು ಮೇಲಿನ ಸೇತುವೆಯಿಂದ ಕೆಳಗಿನದಕ್ಕೆ. ನೋಡಲು ಸಣ್ಣ ಬದಲಾವಣೆ.

ಇಲ್ಲಿ ನಿಲ್ಲಿಸಿ, ಎರಡೂ ವಿನ್ಯಾಸದ ಫ್ರೀ ಬಾಡಿ ಡಯಾಗ್ರಾಮ್ (ಒಂದು ಭಾಗದ ಮೇಲೆ ಬೀಳುವ ಬಲಗಳನ್ನು ತೋರಿಸುವ ಚಿತ್ರ) ಬರೆಸಿ. ಒಂದೊಂದು ಸೇತುವೆ ಒಂದು ರಾಡ್‌ಗೆ ಕೊಡುವ ಭಾರ ಡಬ್ಲ್ಯೂ ಅಂತಿರಲಿ. ಮೂಲ ನಕ್ಷೆಯಲ್ಲಿ ಮೇಲಿನ ಸೇತುವೆಯ ನಟ್ ಮೇಲೆ ಬರುವುದು ಒಂದು ಡಬ್ಲ್ಯೂ. ಬದಲಾದದ್ದರಲ್ಲಿ ಎರಡು. ಅರ್ಥವಾಗದವರಿಗೆ: ಇಬ್ಬರೂ ಹಗ್ಗ ಹಿಡಿದು ನೇತಾಡುವುದು ಬೇರೆ, ಮೊದಲನೆಯವನು ಹಗ್ಗ ಹಿಡಿದು ಎರಡನೆಯವನು ಅವನ ಕಾಲು ಹಿಡಿದು ನೇತಾಡುವುದು ಬೇರೆ. ಹಗ್ಗಕ್ಕೆ ಭಾರ ಅಷ್ಟೇ, ಮೊದಲನೆಯವನ ಕೈಗೆ ದುಪ್ಪಟ್ಟು. ಮೂಲ ವಿನ್ಯಾಸವೂ ನಿಯಮ ಕೇಳುವ ಬಲದ ಸುಮಾರು 60% ಮಾತ್ರ ತಡೆಯುತ್ತಿತ್ತು ಅಂತ ತನಿಖೆ ಹೇಳಿತು.

ಪ್ರಶ್ನೆ ಒಂದೇ ಇಡಿ: ಬದಲಾದ ನಕ್ಷೆಯ ಮೇಲೆ ಎಂಜಿನಿಯರ್ ಮುದ್ರೆ ಇತ್ತು. ಮುದ್ರೆ ಒತ್ತುವ ಮುನ್ನ ಈ ಎರಡು ಚಿತ್ರ ಬರೆಯಲು ನಿಮಗೆ ಎಷ್ಟು ನಿಮಿಷ ಬೇಕಾಯಿತು? ಗಡಿಯಾರ ನೋಡಿ ಹೇಳಲಿ. ನೀತಿಪಾಠವನ್ನು ನೀವು ಹೇಳಲೇ ಬೇಡಿ.

ಎರಡನೆಯದು ಎಲ್ಲರಿಗೂ. 1983 ಜುಲೈ 23, ಕೆನಡಾದಲ್ಲಿ ಒಂದು ಬೋಯಿಂಗ್ 767ಕ್ಕೆ ಇಂಧನ ತುಂಬಬೇಕು. ಬೇಕಾದದ್ದು 22,300 ಕೆ.ಜಿ. ಟ್ಯಾಂಕ್‌ನಲ್ಲಿ ಇದ್ದದ್ದು 7,682 ಲೀಟರ್. ಒಂದು ಲೀಟರ್ ತೂಕ 1.77 ಅಂತ ಇಟ್ಟುಕೊಂಡು ಲೆಕ್ಕ ಹಾಕಿ 4,917 ಲೀಟರ್ ತುಂಬಿದರು. "ಲೆಕ್ಕ ಪರಿಶೀಲಿಸಿ" ಅಂತ ಮಾತ್ರ ಹೇಳಿ ಕೊಡಿ. ಕ್ಯಾಲ್ಕುಲೇಟರಿನಲ್ಲಿ ಸರಿಯಾಗಿಯೇ ಬರುತ್ತದೆ. 7,682 × 1.77 = 13,597; ಕೊರತೆ 8,703; ಅದನ್ನು 1.77ರಿಂದ ಭಾಗಿಸಿದರೆ 4,917. ಹೆಚ್ಚಿನವರು "ಸರಿ" ಅಂತ ಬರೆದುಕೊಡುತ್ತಾರೆ. 1.77 ಅನ್ನುವುದು ಲೀಟರಿಗೆ ಪೌಂಡ್, ಕೆ.ಜಿ. ಅಲ್ಲ. ಕೆ.ಜಿ. ಆಗಿದ್ದರೆ ಸುಮಾರು 0.8. ಅಂದರೆ ತುಂಬಬೇಕಿದ್ದದ್ದು 20,000 ಲೀಟರಿಗೂ ಹೆಚ್ಚು. ವಿಮಾನ ಆಕಾಶದಲ್ಲೇ ಇಂಧನ ಮುಗಿದು, ಎಂಜಿನ್ ಎರಡೂ ನಿಂತು, ತೇಲಿಕೊಂಡು ಗಿಮ್ಲಿ ಅನ್ನುವಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಯಿತು. ಯಾರೂ ಸಾಯಲಿಲ್ಲ.

"ಸರಿ" ಅಂತ ಸಹಿ ಹಾಕಿದ ಹಾಳೆಗಳನ್ನು ಹಿಂತಿರುಗಿಸುವಾಗ ಏನೂ ಹೇಳಬೇಡಿ. ನೀರಿನ ಸಾಂದ್ರತೆ ಲೀಟರಿಗೆ 1 ಕೆ.ಜಿ., ವಿಮಾನದ ಇಂಧನ ನೀರಿನ ಮೇಲೆ ತೇಲುತ್ತದೆ ಅಂತ ಮಾತ್ರ ಬೋರ್ಡ್ ಮೇಲೆ ಬರೆಯಿರಿ. ತೇಲುವುದರ ತೂಕ 1.77 ಕೆ.ಜಿ. ಹೇಗಾದೀತು ಅಂತ ಅವರೇ ಕೂಗುತ್ತಾರೆ.

ಶಿಫ್ಟ್‌ಬಿ
ಆ ಕೊನೇ ಸಾಲು ಕದ್ದುಕೊಳ್ಳುತ್ತಿದ್ದೇನೆ.

ಚಾಕ್‌ಪೀಸ್
ಇನ್ನು ಸಂದರ್ಶನ, ರೆಸ್ಯೂಮೆ. ಮೂರು ವಾರ ಇದಕ್ಕೇ ಇಡಬೇಕು ಅಂತ ಮೇಲಿನಿಂದ ಒತ್ತಾಯ.

ಬಿಳಿಹಾಳೆ
ಮೂರು ವಾರ ಧಾರಾಳ.

ರೆಸ್ಯೂಮೆ ಒಂದೇ ಪುಟ. ಕೌಶಲಗಳ ಪಟ್ಟಿಯ ಪ್ರತಿ ಪದದ ಪಕ್ಕ, ಅದರಿಂದ ಏನು ಮಾಡಿದ್ದೀರಿ ಅಂತ ಪೆನ್ಸಿಲಿನಲ್ಲಿ ಬರೆಸಿ. ಆಟೋಕ್ಯಾಡ್ ಅಂತಿದ್ದರೆ ಯಾವ ಡ್ರಾಯಿಂಗ್? ಪೈಥಾನ್ ಅಂತಿದ್ದರೆ ಯಾವ ಪ್ರೋಗ್ರಾಮ್? ಪಕ್ಕದಲ್ಲಿ ಏನೂ ಬರದಿದ್ದರೆ ಪದ ಹೊಡೆದುಹಾಕಿ. 14 ಇದ್ದದ್ದು 5 ಆಗುತ್ತದೆ, ಮುಖ ಸಣ್ಣದಾಗುತ್ತದೆ, ಪರವಾಗಿಲ್ಲ. ಸಂದರ್ಶಕರು ಪ್ರಶ್ನೆ ಕೇಳುವುದು ಆ ಪಟ್ಟಿಯಿಂದಲೇ. ಉತ್ತರ ಬರುವ ಐದು, ಬರದ ಹದಿನಾಲ್ಕಕ್ಕಿಂತ ವಾಸಿ.

ಪ್ರಾಜೆಕ್ಟ್ ಬಗ್ಗೆ ನಾಲ್ಕು ವಾಕ್ಯ: ಸಮಸ್ಯೆ ಏನು, ಅದರಲ್ಲಿ ನನ್ನ ಪಾಲು ಯಾವುದು, ಫಲಿತಾಂಶ ಯಾವ ಅಂಕಿಯಲ್ಲಿ, ಏನು ಕೆಟ್ಟಿತು. ಎರಡನೆಯದರಲ್ಲಿ ಎಲ್ಲರೂ "ನಾವು" ಅನ್ನುತ್ತಾರೆ. "ನಾವು ಸೆನ್ಸರ್ ಜೋಡಿಸಿದೆವು." ಜೋಡಿಸಿದ್ದು ಯಾರ ಕೈ? ಇದು ವಿನಯ ಅಲ್ಲ, ಮರೆ. ನಾಲ್ಕನೆಯದನ್ನು ಬಚ್ಚಿಡುತ್ತಾರೆ, ಆದರೆ ಅನುಭವಸ್ಥ ಸಂದರ್ಶಕರು ಹುಡುಕುವುದು ಅದನ್ನೇ. ಏನೂ ಕೆಡಲಿಲ್ಲ ಅಂದರೆ ಏನೂ ಮಾಡಲಿಲ್ಲ ಅಂತಲೇ ಅವರು ತಿಳಿಯುವುದು.

ಅಣಕು ಸಂದರ್ಶನಕ್ಕೆ ಒಬ್ಬರಿಗೆ 12 ನಿಮಿಷ: 8 ಪ್ರಶ್ನೆಗೆ, 4 ತಿದ್ದುವುದಕ್ಕೆ. 60 ಜನಕ್ಕೆ ಇದು 12 ಗಂಟೆ, ಒಬ್ಬರೇ ಮಾಡಿದರೆ ಮುಗಿಯುವುದಿಲ್ಲ. ಮೂವರ ಗುಂಪು ಮಾಡಿ: ಒಬ್ಬರು ಉತ್ತರಿಸುತ್ತಾರೆ, ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. 20 ಗುಂಪು ಒಟ್ಟಿಗೆ ನಡೆದರೆ ಸುತ್ತಿಗೆ 12 ನಿಮಿಷ, ಮೂರು ಸುತ್ತು 36 ನಿಮಿಷ. ಗದ್ದಲ ಇರುತ್ತದೆ, ಇರಲಿ. ಬರೆದುಕೊಳ್ಳುವವರಿಗೆ "ಚೆನ್ನಾಗಿ ಮಾತಾಡಿದ" ಅಂತ ಬರೆಯಲು ಬಿಡಬೇಡಿ. ಕಿವಿಗೆ ಬಿದ್ದ ಮಾತನ್ನೇ ಬರೆಯಬೇಕು.

ಪ್ರತಿ ಸಂದರ್ಶನದಲ್ಲೂ ಖಂಡಿತ ಉತ್ತರ ಬಾರದ ಪ್ರಶ್ನೆ ಒಂದಿರಲಿ. ಅಭ್ಯಾಸ ಆಗಬೇಕಾದದ್ದು ಈ ಉತ್ತರ: "ಇದು ಗೊತ್ತಿಲ್ಲ. ಇದಕ್ಕೆ ಹತ್ತಿರದ್ದು ಇಷ್ಟು ಗೊತ್ತು. ತಿಳಿಯಬೇಕಾದರೆ ಮೊದಲು ಇಲ್ಲಿ ನೋಡುತ್ತೇನೆ." ಬರೀ "ಗೊತ್ತಿಲ್ಲ" ಅಂದು ತಲೆ ತಗ್ಗಿಸುವುದೂ ಬೇಡ, ತೋಚಿದ್ದು ಹೇಳುವುದೂ ಬೇಡ.

ಭಾಷೆಯ ಭಯ ಇರುವವರಿಗೆ ಮೊದಲ ಸುತ್ತು ಮನೆಮಾತಿನಲ್ಲೇ ಆಗಲಿ. ವಿಷಯ ಗಟ್ಟಿಯಾದ ಮೇಲೆ ಕೆಲಸದ ಭಾಷೆಗೆ ಬನ್ನಿ. ಎರಡನ್ನೂ ಒಟ್ಟಿಗೆ ಹೊರಿಸಿದರೆ ಬಾಯಿಪಾಠದ ಸ್ವಪರಿಚಯ ಬಿಟ್ಟು ಇನ್ನೇನೂ ಬರುವುದಿಲ್ಲ.

ಎನ್‌ಸಿ_ಕಾಂಟ್ಯಾಕ್ಟ್
ಸುರಕ್ಷತೆ ಬಗ್ಗೆ ಒಂದು ಸೇರಿಸಿ: ತಪ್ಪಿದ ಅನಾಹುತದ ಚೀಟಿ. ಚಕ್‌ನಲ್ಲಿ (ಲೇತ್‌ನಲ್ಲಿ ತುಂಡು ಹಿಡಿಯುವ ಭಾಗ) ಕೀ ಬಿಟ್ಟು ಲೇತ್ ಚಾಲೂ ಮಾಡಲು ಹೊರಟದ್ದು, ಕಿತ್ತ ವೈರ್ ಕಾಲಿಗೆ ಸಿಕ್ಕಿದ್ದು, ಇಂಥವು. ಅರ್ಧ ಹಾಳೆ, ಮೂರು ಪ್ರಶ್ನೆ: ಏನಾಯಿತು, ಏನಾಗಬಹುದಿತ್ತು, ಏನು ಬದಲಿಸಬೇಕು. ಹೆಸರು ಬೇಡ. ಡಬ್ಬಿಗೆ ಹಾಕಿದ 7 ದಿನದೊಳಗೆ ಬೋರ್ಡ್ ಮೇಲೆ ಉತ್ತರ ಬರಬೇಕು. ಮೊದಲ ಚೀಟಿ ಓದಿ "ಇದು ಯಾರ ಕೆಲಸ?" ಅಂತ ಕೇಳಿದಿರೋ, ಎರಡನೇ ಚೀಟಿ ಯಾವತ್ತೂ ಬರುವುದಿಲ್ಲ.

ಚಾಕ್‌ಪೀಸ್
ಕೊನೆಯದಾಗಿ, ಬದಲಾವಣೆ ಆಯಿತೋ ಇಲ್ಲವೋ ಅಂತ ತೋರಿಸಬೇಕು. "ನಾನು ಪ್ರಾಮಾಣಿಕ: ಪೂರ್ಣ ಒಪ್ಪುತ್ತೇನೆ / ಒಪ್ಪುತ್ತೇನೆ" ಅಂತ ಪ್ರಶ್ನಾವಳಿ ಕೊಡಲು ಹೇಳುತ್ತಿದ್ದಾರೆ.

ಬೆಂಚ್‌ವೈಸ್
ಅದಕ್ಕೆ ಎಲ್ಲರೂ ಪೂರ್ಣ ಒಪ್ಪುತ್ತಾರೆ, ಸುಳ್ಳು ಹೇಳುವವರು ಇನ್ನೂ ಬೇಗ. ಕಣ್ಣಿಗೆ ಕಾಣುವುದನ್ನು ಎಣಿಸಿ. 2ನೇ ವಾರ ಮತ್ತು 14ನೇ ವಾರ, ಹೇಳದೆ, ಚೀಟಿ ಎತ್ತಿ ಆರಿಸಿದ 12 ಜನರಲ್ಲಿ: ಸೊನ್ನೆ ನೋಡಿ ಅಳೆದವರು ಎಷ್ಟು? ಚಕ್ ಕೀಯನ್ನು ಹೇಳಿಸಿಕೊಳ್ಳದೆ ತೆಗೆದವರು? ಒಂದು ಗೆರೆ ಎಳೆದು ತಿದ್ದಿದವರು? ಒಪ್ಪಿಸುವ ಚೀಟಿಯಲ್ಲಿ "ಆಗದ್ದು" ಬರೆದವರು? ನಾಲ್ಕು ಸಂಖ್ಯೆ, ಎರಡು ಸಲ. 12ರಲ್ಲಿ 2 ಇದ್ದದ್ದು 8 ಆದರೆ ವರದಿ ತಾನೇ ಮಾತಾಡುತ್ತದೆ. 2 ಇದ್ದದ್ದು 2ರಲ್ಲೇ ಉಳಿದರೆ ಅದನ್ನೂ ಹಾಗೇ ಬರೆಯಿರಿ. ರೀಡಿಂಗ್ ಅಡ್ಜಸ್ಟ್ ಮಾಡುವ ಆಸೆ ಆಗ ಮೇಷ್ಟ್ರಿಗೂ ಬರುತ್ತದೆ.

ಚಾಕ್‌ಪೀಸ್
ಅದು ಸರಿಯಾಗಿ ತಗುಲಿತು. ಮೊದಲ ನಾಲ್ಕು ವಾರ ಹೀಗೆ ಅಂದುಕೊಂಡಿದ್ದೇನೆ: 1ರಲ್ಲಿ ಕ್ಯಾಲಿಪರ್ ಹಾಳೆ, 2ರಲ್ಲಿ ಮೊದಲ ಎಣಿಕೆ ಮತ್ತು 320 ಪೀಸ್ ಲೆಕ್ಕ, 3ರಲ್ಲಿ ಡಿಒಎಲ್ ಚೀಟಿ, 4ರಲ್ಲಿ ಇಂಧನದ ಲೆಕ್ಕ. ಜತೆಗೆ ಮೊದಲ ದಿನದಿಂದಲೇ ಉಪಕರಣಕ್ಕೆ ಟೋಕನ್ ಪದ್ಧತಿ, ಒಬ್ಬರಿಗೆ 5.

ಬೆಂಚ್‌ವೈಸ್
1 ಮತ್ತು 2 ಅದಲುಬದಲು ಮಾಡಿ. ಕ್ಯಾಲಿಪರ್ ಪಾಠ ಮಾಡಿದ ಮೇಲೆ ಎಣಿಸಿದರೆ ಅದು ಮೊದಲ ಎಣಿಕೆ ಹೇಗಾಯಿತು? ನಾನು 2ನೇ ವಾರ ಅಂದದ್ದೂ ತಪ್ಪು, 1ನೇ ವಾರವೇ ಆಗಲಿ.

ಟೋಕನ್ ಒಳ್ಳೆಯದು. ಉಪಕರಣ ತೆಗೆದ ಕೊಕ್ಕೆಯ ಮೇಲೆ ಟೋಕನ್ ನೇತುಹಾಕಿದರೆ ಯಾವುದು ಯಾರ ಹತ್ತಿರ ಇದೆ ಅಂತ ಬಾಗಿಲಲ್ಲೇ ನಿಂತು ಕಾಣುತ್ತದೆ. ಎಣಿಸಿ ವಾಪಸ್ ಇಡಲು ಕೊನೆಯ 10 ನಿಮಿಷ ತರಗತಿಯ ಸಮಯದಲ್ಲೇ ಇರಲಿ. ಬೆಲ್ ಆದಮೇಲೆ ಅಂತ ಬಿಟ್ಟರೆ ಜೋಡಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.

60 ಜನಕ್ಕೆ 300 ಬೇಕು. ಕೊಂಡು ತರಬೇಡಿ, ಶೀಟ್ ಮೆಟಲ್ ಅಭ್ಯಾಸದ ಚೂರುಗಳಲ್ಲಿ ಅವರೇ ಮಾಡಲಿ. ಸಂಖ್ಯೆ ಪಂಚ್ ಮಾಡಿ, ತೂತು ಕೊರೆದು, ಅಂಚಿನ ಬರ್‌ಗೆ (ಕತ್ತರಿಸಿದಾಗ ಉಳಿಯುವ ಚೂಪು ಮುಳ್ಳು) ಫೈಲ್ ಹೊಡೆಸಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. 6 ಮತ್ತು 9ರ ಕೆಳಗೆ ಒಂದು ಗೆರೆ ಪಂಚ್ ಮಾಡಿಸಿ.